ಹೊಳಲ್ಕೆರೆಯಲ್ಲಿ ಇಲ್ಲದ ಮೇಷ್ಟ್ರು

ಮೊನ್ನೆ ಸಂತೆಯಿಂದ ಬರುವಾಗ ನಮ್ಮ ಬೀದಿಯ ಮೂಲೆಮನೆಯ ಗೇಟಿಗೆ ಒಂದು ರಟ್ಟು ಕಟ್ಟಿರುವುದನ್ನು ಕಂಡೆ. ‘ಮನೆ ಬಾಡಿಗೆಗೆ ಇದೆ. ಸಂಸಾರಸ್ಥರಿಗೆ ಮಾತ್ರ.’ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದು, ‘ಮಾತ್ರ’ದ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದರು. ಸೊಪ್ಪಿನ ಚೀಲ ಹಿಡಿದು ಅಲ್ಲೇ ನಿಂತು ಆ ರಟ್ಟಿಗೆ ಗಟ್ಟಿಯಾಗಿ ಬೈದೆ. ಒಳಗಿಂದ ಒಬ್ಬರು ಬಂದು, “ಯಾರು ಬೇಕಾಗಿತ್ರಿ?” ಅಂದರು. ‘ಯಾರೂ ಬೇಕಿಲ್ಲ, ನಿಮ್ಮ ಬೋರ್ಡಿಗೆ ಬೈತಾ ಇದೀನಿ’ ಎನ್ನಬೇಕಿತ್ತು. “ಕೋಣೆ ಎಷ್ಟು ಅವೆ?” ಎಂದು ಕೇಳಿ ಮನೆಗೆ ಬಂದೆ. ನನ್ನ ಸಿಟ್ಟು ಹೀಗೆಯೇ. ರಟ್ಟಿನ ಮುಂದೆ ಹುಲಿ, ಮನುಷ್ಯರ ಮುಂದೆ ಬಂದರೆ ಬಾಲ ಮಡಚುತ್ತದೆ.

ಈ ಸಂಸಾರ ಅನ್ನುವ ಮಾತನ್ನು ನೀವು ಯಾವತ್ತಾದರೂ ಬಿಡಿಸಿ ನೋಡಿದ್ದೀರಾ? ನಮ್ಮ ಕಡೆ ಇದಕ್ಕೆ ಎರಡು ಅರ್ಥ. ಒಂದು, ಮನೆಯ ಮಂದಿಯೆಲ್ಲ ಸೇರಿ. ಇನ್ನೊಂದು, ಹೆಂಡತಿ. “ನಮ್ಮ ಸಂಸಾರ ಊರಿಗೋಗೈತೆ” ಅಂದರೆ ಹೆಂಡತಿ ತವರಿಗೆ ಹೋಗಿದ್ದಾಳೆ ಎಂದು. ಮನೆ ಬಾಡಿಗೆಗೆ ಕೊಡುವವರಿಗೆ ಎರಡನೆಯದು ಮಾತ್ರ ಗೊತ್ತು. ಒಲೆ, ಒರಳು, ಮೂರು ಪಾತ್ರೆ, ಒಂದು ಕೊಡ, ಎರಡು ಕಂಬಳಿ, ಅಣ್ಣ, ತಂಗಿ ಇಷ್ಟೂ ಸೇರಿದರೂ ಅವರ ಲೆಕ್ಕದಲ್ಲಿ ಸಂಸಾರವಾಗುವುದಿಲ್ಲ. ಇದನ್ನು ನಾನು ಹಿರಿಯೂರಿನ ಬೀದಿಬೀದಿಗಳಲ್ಲಿ ಚಪ್ಪಲಿ ಸವೆಸಿ ಕಲಿತವನು. ಶಾಲೆಯಲ್ಲಿ ಕಲಿತದ್ದು ಏಳನೆಯ ತರಗತಿಯವರೆಗೆ, ಅದೂ ಪಾಸಾಗಲಿಲ್ಲ.

ನಮ್ಮದು ಹೊಸದುರ್ಗದ ಕಡೆಯ ಮಾಡದಕೆರೆ. ಕುರಿ ಸಾಕುವ ಮನೆ. ತಂಗಿ ರಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು, ಓದಿನಲ್ಲಿ ಮಾತ್ರ ನನಗಿಂತ ನಾಲ್ಕು ವರ್ಷ ದೊಡ್ಡವಳು. ಒತ್ತಕ್ಷರ ನನಗೆ ಹಿಡಿಯುತ್ತಿರಲಿಲ್ಲ. ಅಪ್ಪ ಕುರಿಗಳಿಗೆ ಗುರುತು ಹಾಕಲು ಇಟ್ಟಿದ್ದ ಕೆಂಪು ಬಣ್ಣ ತೆಗೆದುಕೊಂಡು ಅವಳು ಒಂದೊಂದು ಕುರಿಯ ಪಕ್ಕೆಯ ಮೇಲೆ ಒಂದೊಂದು ಅಕ್ಷರ ಬರೆದು ನನಗೆ ಓದಿಸುತ್ತಿದ್ದಳು. ಕುರಿಗಳು ಒಂದು ಕಡೆ ನಿಲ್ಲುತ್ತವೆಯೇ? ‘ಅಕ್ಕ’ ಅನ್ನುವುದು ಮೇಯುತ್ತ ಮೇಯುತ್ತ ‘ಕ್ಕಅ’ ಆಗಿ ಬೇಲಿ ದಾಟುತ್ತಿತ್ತು. ನನ್ನ ಕಾಗುಣಿತ ಇವತ್ತಿಗೂ ನೆಟ್ಟಗಿಲ್ಲದಿರುವುದಕ್ಕೆ ಅದೇ ಕಾರಣ ಎಂದು ನಾನು ಹೇಳಿಕೊಂಡು ತಿರುಗುತ್ತೇನೆ. ಬಣ್ಣ ಹಾಳು ಮಾಡಿದಳೆಂದು ಅಪ್ಪ ಹೊಡೆಯುತ್ತಾನೆ ಅಂದುಕೊಂಡಿದ್ದೆ. ಅಕ್ಷರ ಬಾರದ ಅಪ್ಪ ಬಗ್ಗಿ ಬಗ್ಗಿ ನೋಡಿ, “ಇದ್ಯಾವುದವ್ವ?” ಎಂದು ಕೇಳಿದ. “ಮ. ಮಾಡದಕೆರೆ ಮ” ಅಂದಳು ರಂಗಿ. ಅವತ್ತಿನಿಂದ ಸಂಜೆ ಕುರಿ ರೊಪ್ಪಕ್ಕೆ ಸೇರಿಸುವಾಗ ಅಪ್ಪ, “ಲೇ, ಮ ಬಂತೇನಲೇ?” ಎಂದು ಕೂಗುತ್ತಿದ್ದ. ಊರೆಲ್ಲ ನಗುತ್ತಿತ್ತು. ಅಪ್ಪನಿಗೆ ಹೆಮ್ಮೆ.

ಅದೇ ಅಪ್ಪ ಅವಳನ್ನು ಹೊಸದುರ್ಗದಲ್ಲಿ ಪಿಯುಸಿ ಓದಿಸಿದ. ಬಿ.ಎ.ಗೆ ಹಿರಿಯೂರಿಗೆ ಕಳಿಸಿದ, ನಾನು ಅಲ್ಲಿದ್ದೇನೆ ಎಂಬ ಧೈರ್ಯದಿಂದ. ನಾನು ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಆರಿಸುವ ಕೆಲಸಕ್ಕಿದ್ದೆ. ಕಾಯಿಯನ್ನು ಬೆರಳಿನಿಂದ ಬಡಿದರೆ ಒಳಗೆ ನೀರೆಷ್ಟು, ಕೊಬ್ಬರಿ ಹೇಗಿದೆ ಎಂದು ಹೇಳಿಬಿಡುತ್ತಿದ್ದೆ. ಮನುಷ್ಯರ ವಿಷಯದಲ್ಲಿ ಆ ಕೈ ನನಗೆ ಬರಲಿಲ್ಲ. ಅಣ್ಣ ತಂಗಿ ಇಬ್ಬರೂ ದೂರದ ನೆಂಟರೊಬ್ಬರ ಮನೆಯ ನಡುಕೋಣೆಯಲ್ಲಿದ್ದೆವು.

ರಂಗಿ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ತನ್ನ ಗುರಿಗಳನ್ನು ಬರೆದು ಗೋಡೆಗೆ ಅಂಟಿಸಿದ್ದಳು. ಬಿ.ಎ. ಫಸ್ಟ್ ಕ್ಲಾಸಿನಲ್ಲಿ ಪಾಸಾಗಬೇಕು. ಊರಿನ ಗ್ರಂಥಾಲಯದ ಕನ್ನಡದ ಬೀರುಗಳನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ, ಒಂದೂ ಬಿಡದೆ ಓದಬೇಕು. ಸ್ವಂತಕ್ಕೆ ಒಂದು ಮೇಜು ಬೇಕು. ಕೊನೆಗೆ ನನ್ನ ಹೆಸರಿನಲ್ಲೂ ಒಂದು ಸಾಲು ಬರೆದಿದ್ದಳು: ‘ಅಣ್ಣ – ಒಂದು ಪುಸ್ತಕ, ಪೂರ್ತಿ.’ ಅವಳು ತಂದುಕೊಟ್ಟ ಕಾದಂಬರಿಯ ನಲವತ್ತೆರಡನೆಯ ಪುಟದಲ್ಲಿ ನಾನು ಒಂದೂವರೆ ವರ್ಷ ಇದ್ದೆ. ಆ ಪುಟದಲ್ಲಿ ಒಬ್ಬಳು ಬಾವಿಗೆ ಕೊಡ ಇಳಿಸುತ್ತಿದ್ದಳು. ಪಾಪ, ಅವಳ ಕೊಡ ಇನ್ನೂ ಮೇಲೆ ಬಂದಿಲ್ಲ.

ಕೊನೆಯ ವರ್ಷದ ಪರೀಕ್ಷೆಗೆ ಮೂರು ತಿಂಗಳಿರುವಾಗ ನೆಂಟರ ಮಗಳು ಬಾಣಂತನಕ್ಕೆ ಬರುವುದು ಗೊತ್ತಾಯಿತು. ನಡುಕೋಣೆ ಬಿಡಬೇಕಾಯಿತು. ಅಲ್ಲಿಂದ ಶುರುವಾಯಿತು ನಮ್ಮ ಮನೆ ಹುಡುಕುವ ಯಾತ್ರೆ. ಮಂಡಿಗೆ ರಜೆಯಿದ್ದ ದಿನವೆಲ್ಲ ಅದೇ ಕೆಲಸ. ರಂಗಿ ಬೆಳಿಗ್ಗೆ ರೊಟ್ಟಿ ಬಡಿದು, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಿದ್ದಳು. ನಾನು ಬಾಗಿಲು ಬಡಿದು ಮಾತಾಡುವಷ್ಟರಲ್ಲಿ ಅವಳು ಬೇರೆಯವರ ಜಗಲಿಯ ಮೇಲೆ ಕೂತು ಒಂದು ಪುಟ ಮುಗಿಸುತ್ತಿದ್ದಳು. “ಇವರು ಇಲ್ಲ ಅನ್ನಾಕೆ ಎಷ್ಟೊತ್ತು ತಗಂತಾರೆ ಅಂತ ನನಗೆ ಗೊತ್ತಾಗೈತೆ ಅಣ್ಣ. ಸರಿಯಾಗಿ ಒಂದು ಪುಟ” ಅನ್ನುತ್ತಿದ್ದಳು.

ಒಬ್ಬರು ಬಾಗಿಲು ಪೂರ್ತಿ ತೆಗೆಯುವ ಮೊದಲೇ, “ಯಾವ ಜನ?” ಅಂದರು. ಇನ್ನೊಬ್ಬರು ಕೈಯಲ್ಲಿದ್ದ ಪುಸ್ತಕ ನೋಡಿ, “ಓದೋರಿಗೆ ಕೊಡಲ್ರಿ, ಪುಸ್ತಕ ಇದ್ದಲ್ಲಿ ಗೆದ್ದಲು ಬರ್ತವೆ” ಅಂದರು. ಮೂರನೆಯವರು ದೊಡ್ಡ ಮನುಷ್ಯರು, ಹಣೆಗೆ ಅಡ್ಡಗಂಧ. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, “ಅಣ್ಣ ತಂಗಿ ಅಂತೀರಿ. ನಾವು ನಂಬಾದು ಹೆಂಗೆ?” ಅಂದರು. ರಂಗಿ ಪುಸ್ತಕ ಮುಚ್ಚಿ, “ನಂಬಬ್ಯಾಡ್ರಿ, ಮೂಗು ನೋಡ್ರಿ. ಇಂಥ ಮೂಗು ಎರಡು ಬೇರೆ ಬೇರೆ ಮನೆಯಾಗೆ ಹುಟ್ಟಾಕೆ ಸಾಧ್ಯನಾ?” ಅಂದಳು. ಅವರು ಬಾಗಿಲು ಹಾಕಿಕೊಂಡರು. ದಾರಿಯುದ್ದಕ್ಕೂ ನಾವು ನಕ್ಕೆವು. ನನಗೆ ಮಾತ್ರ ನಗುವಿನ ಕೆಳಗೆ ಕುದಿಯುತ್ತಿತ್ತು. ಎಮ್ಮೆ ಕಟ್ಟುತ್ತೇನೆ ಅಂದರೆ ಕೊಟ್ಟಿಗೆ ಕೊಡುವ ಜನ, ಒಂದು ಹುಡುಗಿ ಕೂತು ಓದುತ್ತಾಳೆ ಅಂದರೆ ಕೋಣೆ ಕೊಡುವುದಿಲ್ಲ! ಇವತ್ತಿಗೂ ಅದನ್ನು ನೆನೆದರೆ ನನ್ನ ಕಿವಿ ಬಿಸಿಯಾಗುತ್ತದೆ.

ಹೀಗೆ ಆರು ವಾರ ಕಳೆದ ಮೇಲೆ ವೇದಾವತಿ ದಂಡೆಯ ಕಡೆ ಪಾರ್ವತಮ್ಮನವರ ಮನೆ ಸಿಕ್ಕಿತು. ಗಂಡ ತೀರಿಕೊಂಡಿದ್ದರು, ಮುಂದಿನ ಭಾಗದಲ್ಲಿ ಅವರೊಬ್ಬರೇ. ಹಿಂದಿನ ಭಾಗದಲ್ಲಿ ಒಂದು ಅಡುಗೆಮನೆ, ಒಂದು ಕೋಣೆ. ಕೋಣೆಗೆ ಪೂರ್ವಕ್ಕೆ ಕಿಟಕಿ, ಕಿಟಕಿಯ ಪಕ್ಕ ಗೋಡೆಯಲ್ಲಿ ಮೂರು ಗೂಡು. ರಂಗಿ ಗೂಡುಗಳನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ಆಗಲೇ ಮನಸ್ಸಿನಲ್ಲಿ ಪುಸ್ತಕ ಜೋಡಿಸಿಬಿಟ್ಟಿದ್ದಳು. ಪಾರ್ವತಮ್ಮ ಬಾವಿಕಟ್ಟೆಯ ಹತ್ತಿರ ನಿಂತಿದ್ದವರು, “ಸಂಸಾರ ಎಷ್ಟಪ್ಪ?” ಎಂದು ಕೇಳಿದರು.

ಆರು ವಾರದಿಂದ ಕೇಳಿ ಕೇಳಿ ಕಿವಿ ಕೆಟ್ಟಿತ್ತು. ಸಂಸಾರ ಅನ್ನುವುದು ಕಿವಿಗೆ ಬಿದ್ದದ್ದೇ ತಡ, ನನ್ನ ಬಾಯಿ ತಾನಾಗಿಯೇ ಓಡಿತು. “ನನ್ನ ಸಂಸಾರ ಇಲ್ಲಮ್ಮ, ಇನ್ನೂ ಮದುವೆ ಆಗಿಲ್ಲ. ಆದ್ರೆ ಇವಳಿಗೆ ಮದುವೆ ಗೊತ್ತಾಗೈತೆ. ಹುಡುಗ ಹೊಳಲ್ಕೆರೆ ಕಡೆ. ಮೇಷ್ಟ್ರು. ಅಲ್ಲಿತನಕ ಇರ್ತೀವಿ, ಸುಮ್ನೆ ಹೊತ್ತು ಹೋಗ್ಲಿ ಅಂತ ಓದ್ತಾಳೆ.”

ಪಾರ್ವತಮ್ಮನ ಮುಖ ಅರಳಿತು. “ಅಯ್ಯೋ ಬಾಮ್ಮ, ಮೇಷ್ಟ್ರ ಹೆಂಡ್ತಿ ಆಗೋಳು! ಬರ್ರಿ, ಕುಂತ್ಕಳ್ರಿ” ಎಂದು ಚಾಪೆ ಹಾಸಿದರು. ಮನೆ ಸಿಕ್ಕಿತು.

ದಾರಿಯಲ್ಲಿ ರಂಗಿ, “ಅಣ್ಣ, ಅವನಿಗೆ ಹೆಸರೇನಿಟ್ಟೀಯ?” ಅಂದಳು.

“ಯಾರಿಗೆ?”

“ನನ್ನ ಗಂಡನಿಗೆ.”

“ಲೇ, ಸುಮ್ನೆ ಬಾಯಿಗೆ ಬಂತು. ಮನೆ ಕೈ ತಪ್ಪೋದಂತ...”

“ನನಗೆ ಆ ಕಿಟಕಿ ಬೇಕು. ಪರೀಕ್ಷೆ ಮುಗಿಯಾತನಕ ಅವನೂ ಇರ್ಲಿ ಬಿಡು. ಆಮೇಲೆ ನಿಜ ಹೇಳ್ಬಿಡಾಣ” ಅಂದಳು.

ನನ್ನ ತಪ್ಪಿನಲ್ಲಿ ಅವಳ ಪಾಲು ಇಷ್ಟೇ. ಉಳಿದದ್ದೆಲ್ಲ ನನ್ನದು.

ಪಾರ್ವತಮ್ಮ ದಿನಾ ಒಂದೊಂದು ಪ್ರಶ್ನೆ ಕೇಳುತ್ತಿದ್ದರು, ನಾನು ದಿನಾ ಒಂದೊಂದು ಉತ್ತರ ಕೊಡುತ್ತಿದ್ದೆ. ಹುಡುಗನಿಗೆ ಸೈಕಲ್ ಬಂತು. ತೋಟ ಬಂತು. ದಮ್ಮಿನ ಕಾಯಿಲೆ ಇರುವ ತಾಯಿಯೊಬ್ಬಳು ಬಂದಳು. ಮಾತು ಕಡಿಮೆ, ಕೋಪ ಕಡಿಮೆ, ಎಡಗೆನ್ನೆಯ ಮೇಲೆ ಮಚ್ಚೆ. ನಲವತ್ತೆರಡನೆಯ ಪುಟ ದಾಟದ ನಾನು ಬಾಯಲ್ಲೇ ಒಂದು ಕಾದಂಬರಿ ಕಟ್ಟಿದೆ. ಸುಳ್ಳು ಹೇಳಬೇಕೆಂದರೆ ನನಗೆ ಓದುಬರಹ ಬೇಕಾಗಲಿಲ್ಲ ನೋಡಿ. “ಆ ಮಚ್ಚೆ ಯಾಕೆ ಇಟ್ಟೆ ಅಣ್ಣ, ನನಗೆ ಹಿಡಿಸಲಿಲ್ಲ” ಎಂದು ರಂಗಿ ರೇಗಿಸುತ್ತಿದ್ದಳು.

ರೇಗಿಸುವುದು ಬೇಗ ನಿಂತಿತು. ಪಾರ್ವತಮ್ಮ ಒಳ್ಳೆಯವರು, ಅದೇ ತೊಂದರೆಯಾಯಿತು. ಮದುಮಗಳನ್ನು ತಾನು ತಯಾರು ಮಾಡಬೇಕೆಂದು ಮಧ್ಯಾಹ್ನ ಮಧ್ಯಾಹ್ನ ಹಿಂದಿನ ಕೋಣೆಗೆ ಬಂದುಬಿಡುತ್ತಿದ್ದರು. ಒಂದು ದಿನ ಶಾವಿಗೆ ಹೊಸೆಯುವುದು, ಒಂದು ದಿನ ಹಪ್ಪಳ. ಪುಸ್ತಕವನ್ನು ತಾವೇ ಮಡಚಿ ಗೂಡಿನಲ್ಲಿಟ್ಟು, “ಸಾಕು ಬಿಡಮ್ಮ, ಓದಿ ಓದಿ ಕಣ್ಣು ಒಳಕ್ಕೋಗವೆ. ಮದುವೆ ಹೊತ್ತಿಗೆ ಮುಖ ಹಿಂಗಿದ್ರೆ ಹೆಂಗೆ?” ಅನ್ನುತ್ತಿದ್ದರು. ಓದುವುದಕ್ಕೆಂದು ಹಿಡಿದ ಮನೆಯಲ್ಲಿ ಓದುವುದಕ್ಕೆ ಹೊತ್ತಿಲ್ಲ! ರಂಗಿ ಅನ್ನಕ್ಕೆ ಇಟ್ಟು, ಅದು ಬೇಯುವವರೆಗೆ ಒಲೆಯ ಮುಂದೆ ಇತಿಹಾಸ ಓದಿದಳು. ಬಟ್ಟೆ ಒಗೆಯುತ್ತ ಬಾಯಿಪಾಠ ಮಾಡಿದಳು. “ಹೇಳ್ಬಿಡಣ್ಣ, ನಿಜ ಹೇಳ್ಬಿಡು. ಆಯಮ್ಮ ಏನೂ ಅನ್ನಲ್ಲ” ಎಂದು ಎರಡು ಸಲ ಹೇಳಿದಳು. “ಪರೀಕ್ಷೆ ಹತ್ರ ಬಂದೈತೆ, ಈಗ ಮನೆ ಬಿಡಿ ಅಂದ್ರೆ?” ಎಂದು ನಾನು ಎರಡು ಸಲವೂ ತಪ್ಪಿಸಿಕೊಂಡೆ.

ಪರೀಕ್ಷೆಗೆ ಇಪ್ಪತ್ತು ದಿನವಿರುವಾಗ ಪಾರ್ವತಮ್ಮ ಖುಷಿಯಿಂದ, “ಈರಣ್ಣ, ನಮ್ಮ ನಾದಿನಿ ಮನೆ ಹೊಳಲ್ಕೆರೆಯಾಗೇ ಐತೆ. ಮುಂದಿನ ವಾರ ಹೋಗ್ತೀನಿ. ನಿಮ್ಮ ಮೇಷ್ಟ್ರನ್ನೂ ನೋಡ್ಕಂಡು ಬರ್ತೀನಿ” ಅಂದರು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಹೇಳಿದ್ದು ಇದು: “ಬ್ಯಾಡಮ್ಮ. ಆ ಸಂಬಂಧ ಮುರಿದೋತು. ಹುಡುಗಿ ಜಾಸ್ತಿ ಓದಿದಾಳೆ, ಬ್ಯಾಡ ಅಂದ್ರಂತೆ.”

ನೂರು ಕಾರಣ ಇದ್ದವು. ಜಾತಕ ಕೂಡಲಿಲ್ಲ ಅನ್ನಬಹುದಿತ್ತು. ಹುಡುಗನಿಗೆ ವರ್ಗವಾಯಿತು ಅನ್ನಬಹುದಿತ್ತು. ತಂಗಿಯ ಓದಿನ ಮೇಲೆಯೇ ಯಾಕೆ ಹಾಕಿದೆ? ಯಾಕೆಂದರೆ ಅದನ್ನು ಹೇಳಿದರೆ ಎಲ್ಲರೂ ಥಟ್ಟನೆ ನಂಬುತ್ತಾರೆ ಎಂದು ನನಗೆ ಗೊತ್ತಿತ್ತು. ಗೆದ್ದಲು ಬರುತ್ತದೆ ಅಂದವರ ಮೇಲೆ ಅಷ್ಟು ಉರಿದ ನಾನು ಅವರಿಗಿಂತ ಯಾವುದರಲ್ಲಿ ಮೇಲು?

ಪಾರ್ವತಮ್ಮ ನಂಬಿದರು. ನಂಬಿ ಕೆಂಡವಾದರು. “ತಾನು ಮೇಷ್ಟ್ರಾಗಿ ಹಂಗಂದ್ನಾ? ಅವನ ಮನೆ ಹಾಳಾಗ! ಓದಿದ್ರೆ ಏನಂತೆ?” ಎಂದು ಬೀದಿಯವರಿಗೆಲ್ಲ ಹೇಳಿ ಆ ಮೇಷ್ಟ್ರಿಗೆ ಶಾಪ ಹಾಕಿಸಿದರು. ಹುಟ್ಟದೇ ಇದ್ದ ಮನುಷ್ಯ ಹಿರಿಯೂರಿನಲ್ಲಿ ಅಷ್ಟು ಬೈಗುಳ ತಿಂದದ್ದು ಅದೇ ಮೊದಲಿರಬೇಕು. ಸುದ್ದಿ ಸಂತೆಗೆ ಹೋಯಿತು, ಸಂತೆಯಿಂದ ಬಸ್ಸು ಹತ್ತಿತು. ಶ್ರೀರಾಂಪುರದಲ್ಲಿ ಇಳಿಯಿತು, ಹೊಸದುರ್ಗದಲ್ಲಿ ಇಳಿಯಿತು. ಮಾಡದಕೆರೆಗೆ ಬರುವಷ್ಟರಲ್ಲಿ ಅದರ ಮೈಯಲ್ಲಿ ಬೇರೆ ಮಾಂಸ ಬೆಳೆದಿತ್ತು: ರಂಗಿ ಯಾರೋ ಮೇಷ್ಟ್ರ ಜೊತೆ ಓಡಾಡಿದಳಂತೆ, ಅವನು ಕೈಬಿಟ್ಟನಂತೆ.

ಪರೀಕ್ಷೆಗೆ ಎಂಟು ದಿನವಿದ್ದಾಗ, ಬೆಳಿಗ್ಗೆ, ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಬಾವಿಕಟ್ಟೆಯ ಹತ್ತಿರ ನಿಂತ. ಒಳಗೆ ಬಾರಪ್ಪ ಅಂದರೂ ಬರಲಿಲ್ಲ. ಪಾರ್ವತಮ್ಮ ಚೊಂಬಿನಲ್ಲಿ ನೀರು ತಂದು, “ಬ್ಯಾಸರ ಮಾಡ್ಕಬ್ಯಾಡ್ರಿ ಯಜಮಾನ್ರೆ. ಆ ಹುಡುಗ ಹೋದ್ರೆ ಹೋದ, ಇವಳಿಗೇನು ಕಮ್ಮಿ?” ಅಂದರು.

ಅಪ್ಪ ಚೊಂಬು ಮುಟ್ಟಲಿಲ್ಲ. ರಂಗಿಯ ಕಡೆ ತಿರುಗಿ ಕೇಳಿದ, “ಯಾರವ್ವ ಅವ್ನು? ನನಗೆ ಗೊತ್ತಿಲ್ದಂಗೆ ಯಾವ ಸಂಬಂಧ?”

“ಅಂಥೋನು ಯಾರೂ ಇಲ್ಲಪ್ಪ. ಮನೆ ಸಿಗ್ಲಿ ಅಂತ ಅಣ್ಣ ಹೇಳಿದ್ದು. ಬೇಕಾದ್ರೆ ಅಣ್ಣನ್ನ ಕೇಳು” ಅಂದಳು ರಂಗಿ. ಅವಳಿಗೆ ನನ್ನ ಮೇಲೆ ಅಷ್ಟು ನಂಬಿಕೆ.

“ಪಾಪ, ಮುಚ್ಚಿಡ್ತೈತೆ ಹುಡುಗಿ” ಅಂದರು ಪಾರ್ವತಮ್ಮ, ಸೆರಗಿನಿಂದ ಕಣ್ಣೊರೆಸಿಕೊಂಡು.

ಅಪ್ಪ ನನ್ನನ್ನು ನೋಡಿದ. “ಲೇ ಈರ, ಹೌದೇನಲೇ?”

‘ಹೌದಪ್ಪ’ ಅಂದಿದ್ದರೆ ಮುಗಿಯುತ್ತಿತ್ತು. ಒಂದು ಮಾತು. ನಿಜ ಹೇಳಿದರೆ ಮನೆ ಹೋಗುತ್ತದೆ, ಅವಳು ಎಲ್ಲಿ ಕೂತು ಓದಬೇಕು ಎಂದು ಯೋಚಿಸಿ ಸುಮ್ಮನಿದ್ದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಇನ್ನೊಂದು ಸುಳ್ಳು. ಹಿಂದಿನ ದಿನವಷ್ಟೇ ಪಾರ್ವತಮ್ಮ ಬೀದಿಯವರ ಮುಂದೆ, “ಅಣ್ಣ ಅಂದ್ರೆ ಈರಣ್ಣನಂಗಿರಬೇಕು” ಅಂದಿದ್ದರು. ಅವರೆದುರು ಸುಳ್ಳುಗಾರನಾಗಲು ನನಗೆ ನಾಚಿಕೆಯಾಯಿತು. ಅಷ್ಟೇ ಕಾರಣ. ನೆಲ ನೋಡುತ್ತ, “ಆಗಿದ್ದಾತು ಬಿಡಪ್ಪ, ಈಗ್ಯಾಕೆ ಅದು” ಅಂದೆ.

ಅಪ್ಪ ರಂಗಿಗೆ, “ಬಟ್ಟೆ ಕಟ್ಕ, ಹೋಗಾಣ” ಅಂದ.

“ಎಂಟು ದಿನಕ್ಕೆ ಪರೀಕ್ಷೆ ಐತಪ್ಪ.”

ಅಪ್ಪ ಕಂಬಳಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. ಅವಳು ಬಟ್ಟೆ ಕಟ್ಟಿಕೊಂಡಳು. ಗೂಡಿನ ಪುಸ್ತಕಗಳ ಮುಂದೆ ಒಂದು ಗಳಿಗೆ ನಿಂತು, ಗ್ರಂಥಾಲಯದ್ದು ಒಂದನ್ನು ನನ್ನ ಕೈಗೆ ಕೊಟ್ಟು, “ಇದನ್ನ ವಾಪಸ್ ಕೊಟ್ಬಿಡು, ತಾರೀಕು ಆಗೈತೆ” ಅಂದಳು.

ಈಗ ಇನ್ನೊಂದು ಸಿಟ್ಟು ಕೇಳಿ. ತಂಗಿ ಹೋದ ಮೇಲೆ ಆ ಮನೆಯಲ್ಲಿ ನಾನೊಬ್ಬನೇ ಎರಡು ವರ್ಷ ಇದ್ದೆ. ಹೆಂಡತಿ ಇಲ್ಲ, ತಂಗಿ ಇಲ್ಲ, ಯಾರೂ ಇಲ್ಲ. ಹಿರಿಯೂರಿನ ಒಬ್ಬನೇ ಒಬ್ಬ ಮನುಷ್ಯ ಬಂದು, “ನಿನ್ನ ಸಂಸಾರ ಎಲ್ಲಪ್ಪ?” ಎಂದು ಕೇಳಲಿಲ್ಲ. ಆ ಪೂರ್ವದ ಕಿಟಕಿಯ ಪಕ್ಕ ಬೀಡಿ ಸೇದುತ್ತ ಕೂತಿದ್ದರೂ ಯಾರಿಗೂ ತೊಂದರೆಯಾಗಲಿಲ್ಲ. ಅಲ್ಲಿ ಅವಳು ಕೂತು ಓದುವುದು ಮಾತ್ರ ಊರಿಗೆಲ್ಲ ಯೋಚನೆಯಾಗಿತ್ತು!

ನನ್ನ ಮದುವೆ ಗೊತ್ತಾಗಿ ಮನೆ ಬಿಡುವಾಗ ಪಾರ್ವತಮ್ಮನಿಗೆ ಎಲ್ಲ ಹೇಳಿದೆ. ಅವರು ಹಣೆ ಬಡಿದುಕೊಂಡರು. “ಅವತ್ತು ನಾನು ಕೇಳಿದ್ದೇನಪ್ಪ? ಸಂಸಾರ ಎಷ್ಟು ಅಂತ. ಎಷ್ಟು ಮಂದಿ ಅಂತ. ಬಾವಿಯಾಗೆ ನೀರು ಕಮ್ಮಿ ಇತ್ತು, ಎಂಟು ಹತ್ತು ಜನ ಬಂದ್ರೆ ಸಾಲಲ್ಲ ಅಂತ ಕೇಳಿದ್ದು. ಅಣ್ಣ ತಂಗಿ ಇಬ್ರೇ ಅಂದಿದ್ರೆ ಸಾಕಾಗಿತ್ತಲ್ಲೋ!”

ನಾನು ಬಾವಿಯ ಕಡೆ ನೋಡಿದೆ.

“ನಿಮ್ಮಪ್ಪನಿಗೆ ಹೇಳಿದ್ಯಾ?”

“ಇಲ್ಲಮ್ಮ.”

“ಹೋಗು. ಇವತ್ತೇ ಹೋಗಿ ಹೇಳು.”

ಹೋಗಲಿಲ್ಲ. ಆ ಹೊತ್ತಿಗೆ ರಂಗಿಗೆ ಶ್ರೀರಾಂಪುರದಲ್ಲಿ ಗಂಡು ಗೊತ್ತಾಗಿತ್ತು, ಈಗ ಹಳೆಯದು ಕೆದಕುವುದು ಬೇಡ ಅಂದುಕೊಂಡೆ. ಮದುವೆಯಾದ ಮೇಲೆ, ಈಗ ಹೇಳಿ ಏನು ಅಂದುಕೊಂಡೆ. ಅಪ್ಪ ಹಾಸಿಗೆ ಹಿಡಿದಾಗ, ಈ ಸ್ಥಿತಿಯಲ್ಲಿ ಯಾಕೆ ಅಂದುಕೊಂಡೆ. ಆಮೇಲೆ ಹೇಳಲು ಅಪ್ಪನೇ ಇರಲಿಲ್ಲ. ನೆವ ಹುಡುಕುವುದರಲ್ಲಿ ನಾನು ಯಾವತ್ತೂ ನಲವತ್ತೆರಡನೆಯ ಪುಟದಲ್ಲಿ ನಿಂತವನಲ್ಲ.

ರಂಗಿಯ ಗಂಡ ಒಳ್ಳೆಯ ಮನುಷ್ಯ. ಮಕ್ಕಳು, ಮೊಮ್ಮಕ್ಕಳು ಚೆನ್ನಾಗಿದ್ದಾರೆ. ಬಿ.ಎ. ಮಾತ್ರ ಮುಗಿಯಲಿಲ್ಲ. ಹೋದ ವರ್ಷ ಅವಳ ಮನೆಗೆ ಹೋದಾಗ, ಅವಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಧೈರ್ಯ ಮಾಡಿ, “ನನ್ನಿಂದ ನಿನ್ನ ಪರೀಕ್ಷೆ ಹಾಳಾತು ಕಣೇ, ತಪ್ಪಾತು” ಅಂದೆ. ಇಷ್ಟು ವರ್ಷದಲ್ಲಿ ಮೊದಲ ಸಲ.

ಅವಳು ಕೈ ನಿಲ್ಲಿಸಲಿಲ್ಲ. “ಪರೀಕ್ಷೆ ಹೋದ್ರೆ ಹೋಗ್ಲಿ ಅಣ್ಣ. ಅವತ್ತು ಬಸ್ಸಿನಾಗೆ ನನ್ನ ಪಕ್ಕ ಸೀಟು ಖಾಲಿ ಇತ್ತು. ಹಿರಿಯೂರಿಂದ ಊರತನಕ ಅಪ್ಪ ನಿಂತ್ಕಂಡೇ ಬಂದ. ಪಕ್ಕ ಕುಂತ್ಕಳಲಿಲ್ಲ.”

ನಾನೂ ಒಂದು ಅವರೆಕಾಯಿ ಎತ್ತಿಕೊಂಡು ಸುಲಿಯತೊಡಗಿದೆ.

“ಅಪ್ಪನಿಗಂತೂ ಹೇಳಲಿಲ್ಲ. ನನ್ನ ಹತ್ರ ತಪ್ಪಾತು ಅಂದ್ರೆ ಏನು ಬಂತು? ನನಗೆ ನಿಜ ಗೊತ್ತೇ ಐತೆ. ಹೇಳಾದಾದ್ರೆ ಗೊತ್ತಿಲ್ದೋರಿಗೆ ಹೇಳು. ಈಗಲೂ ಊರಿಗೋದ್ರೆ ಮುದುಕಿಯರು ಕೇಳ್ತಾರೆ, ‘ನಿನಗೆ ಮೊದಲು ಹೊಳಲ್ಕೆರೆಯಾಗೆ ಒಬ್ಬನಿದ್ನಂತಲ್ಲೇ’ ಅಂತ. ನನ್ನ ಮೊಮ್ಮಕ್ಕಳ ಮುಂದೇನೇ.” ಹೀಗೆ ಹೇಳಿ ಸಿಪ್ಪೆಯನ್ನು ಮೊರಕ್ಕೆ ತುಂಬಿಕೊಂಡು ಒಳಗೆ ಎದ್ದುಹೋದಳು.

ಅದಕ್ಕೇ ಇದನ್ನು ಬರೆದೆ. ಕಾಗುಣಿತ ತಪ್ಪಿದ್ದರೆ ಪತ್ರಿಕೆಯವರು ತಿದ್ದಲಿ. ಮುಂದಿನ ಸಾಲುಗಳನ್ನು ಮಾತ್ರ ಯಾರೂ ತಿದ್ದಬಾರದು. ಮಾಡದಕೆರೆಯವರೇ, ಶ್ರೀರಾಂಪುರದವರೇ, ಅವತ್ತು ಬಸ್ಸಿನಲ್ಲಿ ಆ ಸುದ್ದಿ ಹೊತ್ತು ತಿರುಗಿದವರೇ, ಕೇಳಿ. ಹೊಳಲ್ಕೆರೆಯಲ್ಲಿ ಅಂಥ ಮೇಷ್ಟ್ರು ಯಾರೂ ಇರಲಿಲ್ಲ. ಅವನು ನಾನು ಹೇಳಿದ ಸುಳ್ಳು. ಆ ಮನೆಯಲ್ಲಿ ನನ್ನ ತಂಗಿ ಓದುತ್ತಿದ್ದಳು. ಅಷ್ಟೇ ಮಾಡುತ್ತಿದ್ದಳು.